ನೆಕ್ಸ್ಟ್‌ಕ್ಲೌಡ್: ರೂಟ್ ಆಗಿ ಒಸಿಸಿ ಓಡಲ್ಲ, ಸ್ಕ್ಯಾನ್ ಆದ್ಮೇಲೂ ಕೆಲವು ಕನ್ನಡ ಹೆಸರಿನ ಫೈಲ್ ಕಾಣಲ್ಲ

ಕಡತ_ಕಪಾಟು ಕೇಳಿದ್ದು:

ಸರ್ವರ್ ವಿವರ: ಉಬುಂಟು 24.04, ಎಂಜಿನ್‌ಎಕ್ಸ್, ಪಿಎಚ್‌ಪಿ-ಎಫ್‌ಪಿಎಂ 8.3, ಮರಿಯಾಡಿಬಿ. ನೆಕ್ಸ್ಟ್‌ಕ್ಲೌಡ್ (ಸ್ವಂತ ಸರ್ವರ್‌ನಲ್ಲಿ ಫೈಲ್ ಇಟ್ಟು ಬ್ರೌಸರ್‌ನಿಂದ ಬಳಸುವ ಸಾಫ್ಟ್‌ವೇರ್) ಇರುವುದು /ವಾರ್/ಡಬ್ಲ್ಯೂಡಬ್ಲ್ಯೂಡಬ್ಲ್ಯೂ/ನೆಕ್ಸ್ಟ್‌ಕ್ಲೌಡ್ ಒಳಗೆ, ಡೇಟಾ ಫೋಲ್ಡರ್ ಬೇರೆ ಡಿಸ್ಕ್‌ನಲ್ಲಿ.

ಒಂದು ಹಳೆ ಮ್ಯಾಕ್‌ನಲ್ಲಿದ್ದ ಸ್ಕ್ಯಾನ್ ದಾಖಲೆಗಳನ್ನು (ಸುಮಾರು 180 ಜಿಬಿ) ಆರ್‌ಸಿಂಕ್ (ಫೈಲ್ ನಕಲಿಸುವ ಕಮಾಂಡ್) -ಎ ಕೊಟ್ಟು ನೇರವಾಗಿ ‘ಕಚೇರಿ’ ಎಂಬ ಯೂಸರ್‌ನ ಫೈಲ್ಸ್ ಫೋಲ್ಡರ್‌ಗೆ ಹಾಕಿದ್ದೇವೆ. ಡಿಸ್ಕ್‌ನಲ್ಲಿ ಇವೆ, ಬ್ರೌಸರ್‌ನಲ್ಲಿ ಇಲ್ಲ. ಒಸಿಸಿ (ನೆಕ್ಸ್ಟ್‌ಕ್ಲೌಡ್‌ನ ಟರ್ಮಿನಲ್ ಕಮಾಂಡ್) ಬಳಸಿ ಫೈಲ್ಸ್:ಸ್ಕ್ಯಾನ್ ಮಾಡಬೇಕು ಅಂತ ಓದಿದೆ. ಆಗಿದ್ದು ಇಷ್ಟು:

ರೂಟ್ (ಸರ್ವರ್‌ನ ಪೂರ್ಣ ಅಧಿಕಾರದ ಯೂಸರ್) ಆಗಿ ನಡೆಸಿದರೆ ಕಾನ್ಫಿಗ್ ಫೈಲ್‌ನ ಓನರ್ ಆಗಿ ನಡೆಸಿ ಅನ್ನುತ್ತೆ. ಕರೆಂಟ್ ಯೂಸರ್ ಐಡಿ 0, ಓನರ್ ಐಡಿ 33 ಅಂತ ತೋರಿಸುತ್ತೆ.

ಸುಡೊ -ಯು (ಬೇರೆ ಯೂಸರ್ ಆಗಿ ಓಡಿಸುವ ಕಮಾಂಡ್) ಸೇರಿಸಿ ನಡೆಸಿದರೆ ‘ಕುಡ್ ನಾಟ್ ಫೈಂಡ್ ಡ್ರೈವರ್’. ವೆಬ್‌ಸೈಟ್ ಮಾತ್ರ ಆರಾಮಾಗಿ ನಡೀತಾ ಇದೆ. ಪಿಎಚ್‌ಪಿ ಅನ್ನೋ ಜಾಗದಲ್ಲಿ ಪಿಎಚ್‌ಪಿ8.3 ಅಂತ ಬರೆದ ಮೇಲೆ ಸರಿಹೋಯಿತು. ಯಾಕೆ?

ಸುರಕ್ಷತೆಗೆ ಇರಲಿ ಅಂತ ಮೇಂಟೆನನ್ಸ್ ಮೋಡ್ ಆನ್ ಮಾಡಿದರೆ, ‘ಫೈಲ್ಸ್’ ನೇಮ್‌ಸ್ಪೇಸ್‌ನಲ್ಲಿ ಯಾವ ಕಮಾಂಡೂ ಇಲ್ಲ ಅನ್ನುತ್ತೆ. ಆಫ್ ಮಾಡಿದರೆ ಸ್ಕ್ಯಾನ್ ಓಡುತ್ತೆ.

ಸ್ಕ್ಯಾನ್ ಮುಗಿದ ಮೇಲೂ ಕೆಲವು ಫೋಲ್ಡರ್ ಇಲ್ಲ. ‘ವರದಿ’, ‘ಕಥೆ’, ‘ಚಿತ್ರ’ ಬಂದಿವೆ. ‘ಲೇಖನ’, ‘ಕೋಶ’, ‘ಮೀಸಲು’ ಬಂದಿಲ್ಲ. ಸ್ಕ್ಯಾನ್ ಮಾಡುವಾಗ ಕೆಂಪು ಬಣ್ಣದಲ್ಲಿ ಏನೋ ಸಾಲುಗಳು ಓಡಿದವು. ಬಂದ ಫೈಲ್‌ಗಳನ್ನೂ ಬ್ರೌಸರ್‌ನಿಂದ ರೀನೇಮ್ ಮಾಡಲು ಬಿಡುತ್ತಿಲ್ಲ.

ಕೊನೆಯದಾಗಿ: ಇದನ್ನು ದಿನಾ ರಾತ್ರಿ ತಾನಾಗೇ ಓಡಿಸಬಹುದಾ? ಯೂಸರ್‌ಗಳ ಪಾಸ್‌ವರ್ಡ್ ರೀಸೆಟ್ ಕೂಡ ಸ್ಕ್ರಿಪ್ಟ್‌ನಿಂದ ಆಗಬೇಕಿದೆ.

---

ಶೆಲ್_ಸಿದ್ಧ:

ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ, ಬೇರೆ ಹೇಳದ ಕಡೆ ಟರ್ಮಿನಲ್‌ನಲ್ಲಿ ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ.

ಒಸಿಸಿ ಬೇರೆ ಪ್ರೋಗ್ರಾಂ ಅಲ್ಲ. ಬ್ರೌಸರ್‌ನಿಂದ ಓಡುವ ಅದೇ ನೆಕ್ಸ್ಟ್‌ಕ್ಲೌಡ್ ಕೋಡ್, ಅದೇ ಕಾನ್ಫಿಗ್, ಅದೇ ಡೇಟಾಬೇಸ್. ಬಾಗಿಲು ಮಾತ್ರ ಬೇರೆ. ಆದ್ದರಿಂದ ವೆಬ್ ಸರ್ವರ್ ಯಾವ ಯೂಸರ್ ಆಗಿ, ಯಾವ ಪಿಎಚ್‌ಪಿಯಲ್ಲಿ ಓಡುತ್ತೋ ಇದೂ ಹಾಗೇ ಓಡಬೇಕು. ನಿಮ್ಮ ಮೊದಲ ಎರಡು ತೊಂದರೆಗೂ ಮೂಲ ಇದೇ.

ಯೂಸರ್: ಡೆಬಿಯನ್, ಉಬುಂಟುನಲ್ಲಿ ವೆಬ್ ಯೂಸರ್ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ಐಡಿ 33. ಫೆಡೋರಾ, ರೆಡ್‌ಹ್ಯಾಟ್ ಕಡೆ ಅಪಾಚೆ, ಆರ್ಚ್‌ನಲ್ಲಿ ಎಚ್‌ಟಿಟಿಪಿ. ರೂಟ್ ಆಗಿ ಬಿಟ್ಟರೆ ಒಸಿಸಿ ಸೃಷ್ಟಿಸುವ ಲಾಗ್, ಪ್ರಿವ್ಯೂ, ಕ್ಯಾಶ್ ಫೈಲ್‌ಗಳೆಲ್ಲ ರೂಟ್ ಹೆಸರಿಗೆ ಹೋಗಿ ನಾಳೆ ವೆಬ್ ಸರ್ವರ್ ಅವನ್ನು ಮುಟ್ಟಲಾಗದೆ ಒದ್ದಾಡುತ್ತೆ. ಅದಕ್ಕೇ ಕಾನ್ಫಿಗ್ ಫೈಲ್‌ನ ಓನರ್ ಯಾರು ಅಂತ ನೋಡಿ ತಡೆಯುತ್ತೆ. ಕಾನ್ಫಿಗ್ ಫೈಲನ್ನೇ ರೂಟ್‌ಗೆ ಚೌನ್ ಮಾಡಿ (ಓನರ್ ಬದಲಿಸಿ) ಈ ತಡೆ ದಾಟುವ ಸಲಹೆ ಅಲ್ಲಲ್ಲಿ ಸಿಗುತ್ತೆ. ಖಂಡಿತ ಬೇಡ, ಸೈಟ್ ಮಲಗುತ್ತೆ. ಸರಿಯಾದ ರೂಪ:

ಸುಡೊ -ಯು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಪಿಎಚ್‌ಪಿ8.3 /ವಾರ್/ಡಬ್ಲ್ಯೂಡಬ್ಲ್ಯೂಡಬ್ಲ್ಯೂ/ನೆಕ್ಸ್ಟ್‌ಕ್ಲೌಡ್/ಒಸಿಸಿ ಸ್ಟೇಟಸ್

ಪೂರ್ತಿ ಪಾತ್ ಕೊಡುವುದೇ ಒಳ್ಳೆಯದು. ಬರೀ ‘ಪಿಎಚ್‌ಪಿ ಒಸಿಸಿ’ ಅಂದರೆ ನೀವಿರುವ ಫೋಲ್ಡರ್‌ನಲ್ಲಿ ಒಸಿಸಿ ಹುಡುಕಿ, ಇಲ್ಲದಿದ್ದರೆ ‘ಕುಡ್ ನಾಟ್ ಓಪನ್ ಇನ್‌ಪುಟ್ ಫೈಲ್’ ಅನ್ನುತ್ತೆ. ಆ ಫೋಲ್ಡರ್ 750 ಪರ್ಮಿಶನ್‌ನಲ್ಲಿದ್ದರೆ ಸಾಮಾನ್ಯ ಯೂಸರ್ ಒಳಗೆ ಸಿಡಿ ಮಾಡಲೂ ಆಗಲ್ಲ. ‘ಸುಡೊ ಸಿಡಿ’ ಕೂಡ ಕೆಲಸಕ್ಕೆ ಬರಲ್ಲ, ಯಾಕೆಂದರೆ ಸಿಡಿ ಶೆಲ್‌ನ ಒಳಗಿನ ಕಮಾಂಡ್. ಇನ್ನು ‘ಸು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಅಂದರೆ ಈ ಅಕೌಂಟ್ ಲಭ್ಯವಿಲ್ಲ ಅನ್ನುತ್ತೆ. ಆ ಯೂಸರ್‌ನ ಶೆಲ್ ನೊಲಾಗಿನ್ ಆಗಿರುತ್ತೆ. ಸು ಬೇಕೇ ಬೇಕಾದರೆ -ಎಸ್ /ಬಿನ್/ಬ್ಯಾಶ್ ಸೇರಿಸಿ.

ಪಿಎಚ್‌ಪಿ: ಹೊರಗಿನ ಪಿಪಿಎಯಿಂದ (ಉಬುಂಟುಗೆ ಹೊರಗಿನವರು ಕೊಡುವ ಪ್ಯಾಕೇಜ್ ಮೂಲ) ಹೊಸ ಪಿಎಚ್‌ಪಿಯೂ ಇನ್‌ಸ್ಟಾಲ್ ಆಗಿರಬೇಕು. ಬರೀ ‘ಪಿಎಚ್‌ಪಿ’ ಎಂಬುದು ಅಪ್‌ಡೇಟ್-ಆಲ್ಟರ್ನೇಟಿವ್ಸ್ (ಡೀಫಾಲ್ಟ್ ಆವೃತ್ತಿ ಆರಿಸುವ ವ್ಯವಸ್ಥೆ) ತೋರಿಸುವ ಕಡೆ ಹೋಗುತ್ತೆ, ಆಟೋ ಮೋಡ್‌ನಲ್ಲಿದ್ದರೆ ದೊಡ್ಡ ನಂಬರ್‌ನ ಆವೃತ್ತಿಗೆ. ವೆಬ್‌ಸೈಟ್‌ನ ಪಿಎಚ್‌ಪಿ ಓಡಿಸುವ ಎಫ್‌ಪಿಎಂ ಮಾತ್ರ ಎಂಜಿನ್‌ಎಕ್ಸ್‌ನಲ್ಲಿ ಬರೆದಿರುವ ಸಾಕೆಟ್‌ಗೆ ಅಂಟಿಕೊಂಡು 8.3ರಲ್ಲೇ ಇರುತ್ತೆ. ಹೊಸದಕ್ಕೆ (ಮರಿಯಾಡಿಬಿಗೂ ಬೇಕಾಗುವ) ಮೈಎಸ್‌ಕ್ಯೂಎಲ್ ಮಾಡ್ಯೂಲ್ ಹಾಕಿಲ್ಲ, ಡ್ರೈವರ್ ಇಲ್ಲ ಅಂದಿದ್ದು ಅದಕ್ಕೇ. ‘ಪಿಎಚ್‌ಪಿ -ವಿ’ ಆವೃತ್ತಿ ಹೇಳುತ್ತೆ, ‘ಪಿಎಚ್‌ಪಿ --ಇನಿ’ ಯಾವ ಯಾವ ಇನಿ ಫೈಲ್ ಓದಿದೆ ಅಂತ ತೋರಿಸುತ್ತೆ. ಒಂದೇ ಆವೃತ್ತಿಯಲ್ಲೂ ಸಿಎಲ್‌ಐಗೆ (ಟರ್ಮಿನಲ್‌ನ ಪಿಎಚ್‌ಪಿಗೆ) ಒಂದು ಇನಿ, ಎಫ್‌ಪಿಎಂಗೆ ಇನ್ನೊಂದು. ಒಂದರಲ್ಲಿ ಬದಲಿಸಿದ್ದು ಇನ್ನೊಂದಕ್ಕೆ ತಾಕಲ್ಲ. ಸ್ಕ್ರಿಪ್ಟ್‌ಗಳಲ್ಲಿ ಯಾವಾಗಲೂ ಆವೃತ್ತಿ ಸಮೇತ ಬರೆಯಿರಿ.

ಪ್ರಾಸಂಗಿಕವಾಗಿ, ಹಳೆ ಲೇಖನಗಳಲ್ಲಿ ಎಪಿಸಿ.ಎನೇಬಲ್_ಸಿಎಲ್‌ಐ=1 ಹಾಕದಿದ್ದರೆ ಒಸಿಸಿ ಬೀಳುತ್ತೆ ಅಂತ ಇರುತ್ತೆ. ಈಗಿನ ಆವೃತ್ತಿಗಳು ಸಿಎಲ್‌ಐನಲ್ಲಿ ಎಪಿಸಿಯು (ಪಿಎಚ್‌ಪಿಯ ಮೆಮೊರಿ ಕ್ಯಾಶ್) ಸಿಗದಿದ್ದರೆ ಕ್ಯಾಶ್ ಇಲ್ಲದೆ ಮುಂದುವರಿಯುತ್ತವೆ. ಹಾಕಿದರೆ ಕೆಡುಕಿಲ್ಲ, ನಿಮ್ಮ ಸಮಸ್ಯೆ ಅದಲ್ಲ ಅಷ್ಟೆ.

ಮೇಂಟೆನನ್ಸ್ ಮೋಡ್: ಆನ್ ಆಗಿರುವಾಗ ನೆಕ್ಸ್ಟ್‌ಕ್ಲೌಡ್ ಯಾವ ಆ್ಯಪನ್ನೂ ಲೋಡ್ ಮಾಡಲ್ಲ. ಫೈಲ್ಸ್:ಸ್ಕ್ಯಾನ್ ಬರುವುದು ‘ಫೈಲ್ಸ್’ ಆ್ಯಪ್‌ನಿಂದ, ಹಾಗಾಗಿ ಕಮಾಂಡೇ ಮಾಯ. ಟ್ರ್ಯಾಶ್‌ಬಿನ್, ವರ್ಶನ್ಸ್ ಕಮಾಂಡ್‌ಗಳದ್ದೂ ಇದೇ ಕಥೆ. ಸ್ಕ್ಯಾನ್‌ಗೆ ಮೇಂಟೆನನ್ಸ್ ಮೋಡ್ ಬೇಕಿಲ್ಲ. ಬೇಕಾಗುವುದು ಬ್ಯಾಕಪ್‌ಗೆ, ಡೇಟಾ ಫೋಲ್ಡರ್ ಜಾಗ ಬದಲಿಸುವುದಕ್ಕೆ. ಅಂಥ ಸ್ಕ್ರಿಪ್ಟ್‌ನಲ್ಲಿ ಆನ್ ಮಾಡಿದ ಮರುಸಾಲಿನಲ್ಲೇ ಟ್ರ್ಯಾಪ್ ಹಾಕಿ ಎಕ್ಸಿಟ್ ಆಗುವಾಗ ಆಫ್ ಆಗುವಂತೆ ಮಾಡಿ. ಇಲ್ಲವಾದರೆ ನಡುರಾತ್ರಿ ಡಂಪ್ ಫೇಲಾಗಿ ಬೆಳಗ್ಗೆ ಎಲ್ಲರಿಗೂ ಮೇಂಟೆನನ್ಸ್ ಪುಟವೇ ದರ್ಶನ.

ರೀನೇಮ್ ಆಗದಿರುವುದು: ಆ ಫೋಲ್ಡರ್‌ನಲ್ಲಿ ಎಲ್‌ಎಸ್ -ಎಲ್ ಮಾಡಿ. ಓನರ್ ಜಾಗದಲ್ಲಿ 501, ಗ್ರೂಪ್ ಜಾಗದಲ್ಲಿ ಸ್ಟಾಫ್ ಅಂತ ಇದ್ದರೆ ಸಂಶಯವೇ ಬೇಡ. ಮ್ಯಾಕ್‌ನಲ್ಲಿ ಮೊದಲ ಯೂಸರ್‌ನ ಐಡಿ 501. ಆರ್‌ಸಿಂಕ್ -ಎ ರೂಟ್ ಆಗಿ ಓಡಿದರೆ ಓನರನ್ನು ಹಾಗೇ ಉಳಿಸುತ್ತೆ, ಹೆಸರು ಎರಡೂ ಕಡೆ ಇದ್ದರೆ ಹೆಸರಿನಿಂದ, ಇಲ್ಲದಿದ್ದರೆ ನಂಬರಿನಿಂದ. ಸ್ಟಾಫ್ ಎಂಬ ಗ್ರೂಪ್ ಉಬುಂಟುನಲ್ಲೂ ಇದೆ, ಹಾಗಾಗಿ ಹೆಸರೇ ಕಾಣುತ್ತೆ. 755, 644 ಪರ್ಮಿಶನ್ ಇದ್ದುದರಿಂದ ವೆಬ್ ಯೂಸರ್ ಓದಿತು, ಬರೆಯಲು ಮಾತ್ರ ಆಗುತ್ತಿಲ್ಲ. ಚೌನ್ -ಆರ್ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ:ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಮಾಡಿ, ಫೋಲ್ಡರ್‌ಗೆ 750, ಫೈಲ್‌ಗೆ 640 ಕೊಡಿ. 777 ಬೇಡ. ಮುಂದಿನ ಸಲ ಆರ್‌ಸಿಂಕ್‌ಗೇ --ಚೌನ್ ಮತ್ತು --ಸಿಎಚ್‌ಮಾಡ್=ಡಿ750,ಎಫ್640 ಕೊಟ್ಟರೆ ಈ ತಾಪತ್ರಯ ಇಲ್ಲ. ಇಲ್ಲಿ ಡಿ, ಎಫ್ ಎರಡೂ, ಚೌನ್‌ನ -ಆರ್ ಕೂಡ ದೊಡ್ಡಕ್ಷರ.

---

ಅಕ್ಷರಜಾಡು:

ಕಾಣದ ಕನ್ನಡ ಫೋಲ್ಡರ್‌ಗಳ ಬಗ್ಗೆ. ನೀವು ಕೊಟ್ಟ ಪಟ್ಟಿಯಲ್ಲೇ ಉತ್ತರ ಇದೆ. ಬಂದಿರುವ ಹೆಸರುಗಳಲ್ಲಿ ಗುಡಿಸು, ಎತ್ವ, ರ-ಒತ್ತು ಮಾತ್ರ. ಬರದಿರುವುದರಲ್ಲಿ ದೀರ್ಘ: ಲೇ, ಕೋ, ಮೀ.

ಯೂನಿಕೋಡ್‌ನಲ್ಲಿ ೀ, ೇ, ೈ, ೊ, ೋ ಈ ಐದು ಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು: ಒಂದೇ ಕೋಡ್‌ಪಾಯಿಂಟ್ ಆಗಿ, ಅಥವಾ ಬಿಡಿಸಿ. ಬಿಡಿಸಿದಾಗ ೀ ಎಂದರೆ ಗುಡಿಸು ಮತ್ತು ದೀರ್ಘಚಿಹ್ನೆ, ೋ ಎಂದರೆ ಎತ್ವ, ಊಕಾರದ ಚಿಹ್ನೆ, ದೀರ್ಘಚಿಹ್ನೆ ಮೂರೂ. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ್ದಕ್ಕೆ ಎನ್‌ಎಫ್‌ಡಿ ಅಂತ ಹೆಸರು. ಹಳೆ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಫೈಲ್ ಹೆಸರನ್ನು ಬಿಡಿಸಿಯೇ ಇಡುತ್ತೆ. ಲಿನಕ್ಸ್ ಕೊಟ್ಟ ಬೈಟ್‌ಗಳನ್ನು ಹಾಗೇ ಇಡುತ್ತೆ. ನೆಕ್ಸ್ಟ್‌ಕ್ಲೌಡ್ ಎನ್‌ಎಫ್‌ಸಿಯನ್ನೇ ನಿರೀಕ್ಷಿಸುತ್ತೆ. ಹೊಂದದಿದ್ದರೆ ‘ಇನ್‌ಕಂಪ್ಯಾಟಿಬಲ್ ಎನ್‌ಕೋಡಿಂಗ್, ಈ ಎಂಟ್ರಿ ಸಿಗುವುದಿಲ್ಲ’ ಎಂಬರ್ಥದ ಸಾಲು ಬರೆದು ಮುಂದೆ ಹೋಗುತ್ತೆ. ನೀವು ನೋಡಿದ ಕೆಂಪು ಸಾಲು ಅದೇ ಇರಬೇಕು. ಫೋಲ್ಡರ್ ಹೆಸರೇ ಹಾಗಿದ್ದರೆ ಅದರೊಳಗಿರುವುದೆಲ್ಲ ಹೋಯಿತು.

ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಬೈಟ್ ಎಣಿಸಿದರೆ ಗೊತ್ತಾಗುತ್ತೆ. ಆ ಫೋಲ್ಡರ್ ಒಳಗೆ ಹೋಗಿ:

ಪ್ರಿಂಟ್‌ಎಫ್ '%ಎಸ್' ಲೇಖನ* | ಡಬ್ಲ್ಯೂಸಿ -ಸಿ

‘ಲೇಖನ’ ಕೂಡಿಸಿದ ರೂಪದಲ್ಲಿ 12 ಬೈಟ್, ಬಿಡಿಸಿದ್ದರಲ್ಲಿ 15. ‘ಕೋಶ’ 9 ಇರಬೇಕಾದದ್ದು 15 ಆಗಿರುತ್ತೆ. ಒಂದು ಎಚ್ಚರ: ನಿಮ್ಮ ಕೀಬೋರ್ಡ್‌ನಿಂದ ಬರುವುದು ಕೂಡಿಸಿದ ರೂಪ. ಹಾಗಾಗಿ ‘ಲೇಖನ*’ ಎಂಬುದು ಬಿಡಿಸಿದ ಹೆಸರಿಗೆ ತಾಳೆಯಾಗಲ್ಲ, ನಕ್ಷತ್ರವೂ ಎಣಿಕೆಗೆ ಸೇರಿ 13 ಬರುತ್ತೆ. 13 ಬಂತೆಂದರೆ ಅದೇ ರೋಗದ ಲಕ್ಷಣ. ಟ್ಯಾಬ್ ಒತ್ತಿ ಅಥವಾ ‘ಲ*’ ಅಂತ ಕೊಟ್ಟು ನಿಜವಾದ ಹೆಸರು ಹಿಡಿಯಿರಿ.

ಸರಿಪಡಿಸಲು ಕಾನ್ವ್‌ಎಂವಿ ಎಂಬ ಪ್ಯಾಕೇಜ್ ಇದೆ, ಆಪ್ಟ್‌ನಲ್ಲೇ ಸಿಗುತ್ತೆ:

ಕಾನ್ವ್‌ಎಂವಿ -ಎಫ್ ಯುಟಿಎಫ್-8 -ಟಿ ಯುಟಿಎಫ್-8 --ಎನ್‌ಎಫ್‌ಸಿ -ಆರ್ ಫೋಲ್ಡರ್‌ನ_ಪಾತ್

ಇಷ್ಟೇ ಕೊಟ್ಟರೆ ಏನು ಬದಲಾಗುತ್ತೆ ಅಂತ ತೋರಿಸುತ್ತೆ, ಏನನ್ನೂ ಮುಟ್ಟಲ್ಲ. ಪಟ್ಟಿ ಸರಿಯಿದ್ದರೆ ಕೊನೆಗೆ --ನೋಟೆಸ್ಟ್ ಸೇರಿಸಿ ಮತ್ತೆ ಓಡಿಸಿ. ಒಂದೇ ಫೋಲ್ಡರ್‌ನಲ್ಲಿ ಎರಡೂ ರೂಪದ ‘ಲೇಖನ’ ಇದ್ದರೆ ಅದು ಮೇಲೆ ಬರೆಯದೆ ಬಿಡುತ್ತೆ. ಅಂಥವನ್ನು ಕೈಯಾರೆ ನೋಡಿ. ಆಮೇಲೆ ಇಡೀ ಸರ್ವರ್ ಸ್ಕ್ಯಾನ್ ಬೇಡ, ಆ ಭಾಗ ಮಾತ್ರ:

ಒಸಿಸಿ ಫೈಲ್ಸ್:ಸ್ಕ್ಯಾನ್ --ಪಾತ್="/ಕಚೇರಿ/ಫೈಲ್ಸ್/ಸ್ಕ್ಯಾನ್‌ಗಳು"

ಇಲ್ಲಿ ಪಾತ್ ಎಂದರೆ ಡಿಸ್ಕ್‌ನ ಪಾತ್ ಅಲ್ಲ. ಯೂಸರ್ ಐಡಿ, ಆಮೇಲೆ ‘ಫೈಲ್ಸ್’ ಎಂಬ ಪದ, ಆಮೇಲೆ ಫೋಲ್ಡರ್. /ಮೌಂಟ್/ಡಿಸ್ಕ್ ಅಂತೆಲ್ಲ ಕೊಟ್ಟರೆ ಅದು ಮೊದಲ ಪದವನ್ನೇ ಯೂಸರ್ ಅಂತ ಹುಡುಕುತ್ತೆ. ಮುಗಿದ ಮೇಲೆ ಬರುವ ಕೋಷ್ಟಕದಲ್ಲಿ ಎರರ್ ಕಾಲಂ 0 ಇರಬೇಕು.

ಆ ಮ್ಯಾಕ್‌ನಿಂದ ಮತ್ತೆ ಆರ್‌ಸಿಂಕ್ ಮಾಡಿದರೆ ಬಿಡಿಸಿದ ಹೆಸರುಗಳು ಮತ್ತೆ ಬಂದು ಕೂರುತ್ತವೆ, ಪಕ್ಕದಲ್ಲೇ ಡೂಪ್ಲಿಕೇಟ್ ಆಗಿ. ಮ್ಯಾಕ್ ಕಡೆಯಿಂದ ಕಳಿಸುವಾಗ --ಐಕಾನ್ವ್=ಯುಟಿಎಫ್-8-ಮ್ಯಾಕ್,ಯುಟಿಎಫ್-8 ಕೊಡಿ. ಮ್ಯಾಕ್ ಜೊತೆಗೇ ಬರುವ ಆರ್‌ಸಿಂಕ್‌ಗೆ ಈ ಆಯ್ಕೆ ಗೊತ್ತಿಲ್ಲ, ಹೋಮ್‌ಬ್ರೂನಿಂದ (ಮ್ಯಾಕ್‌ನ ಪ್ಯಾಕೇಜ್ ಮ್ಯಾನೇಜರ್) 3ನೇ ಆವೃತ್ತಿ ಹಾಕಿಕೊಳ್ಳಬೇಕು.

---

ಹುಬ್ಬಳ್ಳಿ_ಲಿನಕ್ಸ್:

ಮ್ಯಾಲಿನ ಇಬ್ರೂ ಬರೋಬ್ಬರಿ ಹೇಳ್ಯಾರ. ನಾ ಕ್ರಾನ್ (ಹೇಳಿದ ಟೈಮಿಗೆ ತಾನಾಗೇ ಕಮಾಂಡ್ ಓಡಸೂದು) ಬಗ್ಗೆ ಅಷ್ಟ ಹೇಳ್ತೀನ್ರಿ.

ರೂಟ್‌ನ ಕ್ರಾನ್‌ಟ್ಯಾಬ್‌ನ್ಯಾಗ ಸುಡೊ ಹಾಕಿ ಬರಿಯೂದು ಬ್ಯಾಡ. ವೆಬ್ ಯೂಸರ್‌ಗೇ ಒಂದು ಕ್ರಾನ್‌ಟ್ಯಾಬ್ ಐತಿ, ರೂಟ್ ಆಗಿ ‘ಕ್ರಾನ್‌ಟ್ಯಾಬ್ -ಯು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ -ಇ’ ಅಂತ ತಗೀರಿ. ಅಲ್ಲೆ ಆಗ್ಲೇ ಪ್ರತಿ 5 ನಿಮಿಷಕ್ಕ ಕ್ರಾನ್.ಪಿಎಚ್‌ಪಿ ಓಡೂ ಸಾಲು ಇರಬೇಕು. ಅದು ನೆಕ್ಸ್ಟ್‌ಕ್ಲೌಡ್‌ನ ಸ್ವಂತ ಹಿನ್ನೆಲೆ ಕೆಲಸ, ಅದನ್ನ ಅಳಿಸಬ್ಯಾಡ್ರಿ. ಅದರ ಕೆಳಗ ಬ್ಯಾರೆ ಸಾಲು:

30 2 * * * /ಯುಎಸ್‌ಆರ್/ಬಿನ್/ಫ್ಲಾಕ್ -ಎನ್ /ಟಿಎಂಪಿ/ಸ್ಕ್ಯಾನ್.ಲಾಕ್ /ಯುಎಸ್‌ಆರ್/ಬಿನ್/ಪಿಎಚ್‌ಪಿ8.3 /ವಾರ್/ಡಬ್ಲ್ಯೂಡಬ್ಲ್ಯೂಡಬ್ಲ್ಯೂ/ನೆಕ್ಸ್ಟ್‌ಕ್ಲೌಡ್/ಒಸಿಸಿ ಫೈಲ್ಸ್:ಸ್ಕ್ಯಾನ್ --ಪಾತ್="/ಕಚೇರಿ/ಫೈಲ್ಸ್/ಸ್ಕ್ಯಾನ್‌ಗಳು" >> /ವಾರ್/ಲಾಗ್/ಸ್ಕ್ಯಾನ್.ಲಾಗ್ 2>&1

ಫ್ಲಾಕ್ ಯಾಕಂದ್ರ, ನಿನ್ನೆ ರಾತ್ರಿ ಸ್ಕ್ಯಾನ್ ಇನ್ನೂ ಮುಗದಿಲ್ಲಂದ್ರ ಇವತ್ತಿಂದು ಸುಮ್ನ ಹಿಂದ ಸರೀತೈತಿ. ಪೂರ್ತಿ ಪಾತ್ ಯಾಕಂದ್ರ, ಕ್ರಾನ್‌ನ ಪಾತ್ ವೇರಿಯೇಬಲ್ ಭಾಳ ಸಣ್ಣದು. ನಿಮ್ಮ ಬ್ಯಾಶ್‌ಆರ್‌ಸಿ ಅದು ಓದೂದಿಲ್ಲ, ಅಲ್ಲಿನ ಏಲಿಯಾಸ್ ಒಂದೂ ನಡಿಯೂದಿಲ್ಲ.

ಎಲ್ಲಾರೂ ಮುಗ್ಗರಸೂದು ಲಾಗ್ ಫೈಲ್ ಕಡೆ. /ವಾರ್/ಲಾಗ್ ಒಳಗ ಹೊಸ ಫೈಲ್ ಮಾಡಾಕ ವೆಬ್ ಯೂಸರ್‌ಗೆ ಹಕ್ಕಿಲ್ಲ. ಶೆಲ್ ಮೊದಲ ಆ ಫೈಲ್ ತಗಿಯಾಕ ಹೋಗಿ ಫೇಲಾಗಿ, ಒಸಿಸಿ ಶುರುನೇ ಆಗೂದಿಲ್ಲ. ಲಾಗ್ ಇಲ್ಲ, ಸ್ಕ್ಯಾನೂ ಇಲ್ಲ, ಯಾಕಂತ ತಿಳಿಯೂದೂ ಇಲ್ಲ. ಮೊದಲ ರೂಟ್ ಆಗಿ ಟಚ್ ಮಾಡಿ, ಚೌನ್ ಮಾಡಿ ಇಡ್ರಿ. ಲಾಗ್ ಹೆಸರಿಗೆ ತಾರೀಕು ಸೇರಸ್ತೀರಂದ್ರ ಕ್ರಾನ್‌ಟ್ಯಾಬ್‌ನ್ಯಾಗ % ಚಿಹ್ನೆ ಹೊಸ ಸಾಲು ಅಂತ ಲೆಕ್ಕ, ಅದರ ಮುಂದ ಬ್ಯಾಕ್‌ಸ್ಲ್ಯಾಶ್ ಹಾಕಲೇಬೇಕು.

ಹಂಗ, ಈಗ ಕೈಯಿಂದ 180 ಜಿಬಿ ಸ್ಕ್ಯಾನ್ ಮಾಡೂದು ಎಸ್‌ಎಸ್‌ಎಚ್ ಮ್ಯಾಲಿದ್ರ ಟಿಮಕ್ಸ್ (ಸಂಪರ್ಕ ಕಡದ್ರೂ ಸೆಶನ್ ಉಳಸೂ ಪ್ರೋಗ್ರಾಂ) ಒಳಗ ಮಾಡ್ರಿ. ಕರೆಂಟ್ ಹೋತು, ವೈಫೈ ಬಿತ್ತು ಅಂದ್ರ ಸೆಶನ್ ಜೊತಿ ಸ್ಕ್ಯಾನೂ ಸಾಯ್ತೈತಿ. ಸತ್ರೂ ಹಾನಿ ಏನಿಲ್ಲ, ಮತ್ತ ಓಡಸಬಹುದು, ಟೈಮ್ ದಂಡ ಅಷ್ಟ.

---

ಕಡತ_ಕಪಾಟು:

ಬೈಟ್ ಎಣಿಸಿದೆ, ಸರಿಯಾಗಿ 13 ಬಂತು! ಕಾನ್ವ್‌ಎಂವಿ ಆದ ಮೇಲೆ ಮೂರೂ ಫೋಲ್ಡರ್ ಕಾಣುತ್ತಿವೆ, ಎರರ್ ಕಾಲಂ 0. ಓನರ್ ಕೂಡ 501, ಸ್ಟಾಫ್ ಅಂತಲೇ ಇತ್ತು. ಚೌನ್ ನಂತರ ರೀನೇಮ್ ಆಗುತ್ತಿದೆ. ಎಲ್ಲರಿಗೂ ಧನ್ಯವಾದ.

ಪಾಸ್‌ವರ್ಡ್ ಪ್ರಶ್ನೆ ಬಾಕಿ ಇದೆ. ಒಸಿ_ಪಾಸ್ ಎಂಬ ವೇರಿಯೇಬಲ್ ಎಕ್ಸ್‌ಪೋರ್ಟ್ ಮಾಡಿ --ಪಾಸ್‌ವರ್ಡ್-ಫ್ರಮ್-ಎನ್ವ್ ಕೊಟ್ಟರೂ ವೇರಿಯೇಬಲ್ ಖಾಲಿ ಅನ್ನುತ್ತೆ.

---

ಶೆಲ್_ಸಿದ್ಧ:

ಸುಡೊ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳನ್ನು ಒರೆಸಿ ಹಾಕುತ್ತೆ, ಡೀಫಾಲ್ಟ್ ನಡವಳಿಕೆಯೇ ಅದು. ಬೇಕಾದ್ದನ್ನು ಹೆಸರಿಸಿ ದಾಟಿಸಿ:

ರೀಡ್ -ಆರ್‌ಎಸ್ ಒಸಿ_ಪಾಸ್
ಎಕ್ಸ್‌ಪೋರ್ಟ್ ಒಸಿ_ಪಾಸ್
ಸುಡೊ --ಪ್ರಿಸರ್ವ್-ಎನ್ವ್=ಒಸಿ_ಪಾಸ್ -ಯು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಪಿಎಚ್‌ಪಿ8.3 /ವಾರ್/ಡಬ್ಲ್ಯೂಡಬ್ಲ್ಯೂಡಬ್ಲ್ಯೂ/ನೆಕ್ಸ್ಟ್‌ಕ್ಲೌಡ್/ಒಸಿಸಿ ಯೂಸರ್:ರೀಸೆಟ್‌ಪಾಸ್‌ವರ್ಡ್ --ಪಾಸ್‌ವರ್ಡ್-ಫ್ರಮ್-ಎನ್ವ್ ಕಚೇರಿ
ಅನ್‌ಸೆಟ್ ಒಸಿ_ಪಾಸ್

ವೇರಿಯೇಬಲ್ ಹೆಸರು ಮಾತ್ರ ದೊಡ್ಡಕ್ಷರ. ರೀಡ್ -ಎಸ್ ಬಳಸುವುದು ಪಾಸ್‌ವರ್ಡ್ ಪರದೆ ಮೇಲೂ ಹಿಸ್ಟರಿ ಫೈಲ್‌ನಲ್ಲೂ ಉಳಿಯಬಾರದು ಅಂತ. ಎಕ್ಸ್‌ಪೋರ್ಟ್ ಸಾಲಿನಲ್ಲೇ ಪಾಸ್‌ವರ್ಡ್ ಬರೆದರೆ ಎರಡೂ ಕಡೆ ಉಳಿಯುತ್ತೆ.

ಸ್ಕ್ರಿಪ್ಟ್ ಬರೆಯುತ್ತಿದ್ದೀರಿ ಅಂದದ್ದಕ್ಕೆ ಇನ್ನೊಂದು. ‘ಕಾನ್ಫಿಗ್:ಸಿಸ್ಟಂ:ಸೆಟ್ ಡೀಬಗ್ --ವ್ಯಾಲ್ಯೂ=ಫಾಲ್ಸ್’ ಎಂದರೆ ಡೀಬಗ್ ಆಫ್ ಆಗಲ್ಲ, ಆನ್ ಆಗುತ್ತೆ! ಟೈಪ್ ಹೇಳದಿದ್ದರೆ ಅದು ‘ಫಾಲ್ಸ್’ ಎಂಬ ಪದವನ್ನು ಬರೀ ಪಠ್ಯವಾಗಿ (ಸ್ಟ್ರಿಂಗ್) ಉಳಿಸುತ್ತೆ. ಪಿಎಚ್‌ಪಿಗೆ ‘0’ ಬಿಟ್ಟು ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ನಿಜ (ಟ್ರೂ). --ಟೈಪ್=ಬೂಲಿಯನ್ ಸೇರಿಸಬೇಕು. ಗೆಟ್ ಮಾಡಿ ನೋಡಿದರೆ ಎರಡೂ ಸಂದರ್ಭದಲ್ಲಿ ‘ಫಾಲ್ಸ್’ ಅಂತಲೇ ಕಾಣುವುದರಿಂದ ಮೋಸ ಹೋಗುವುದು ಸುಲಭ. ಕಾನ್ಫಿಗ್ ಫೈಲ್ ತೆರೆದು ಉದ್ಧರಣ ಚಿಹ್ನೆ ಇದೆಯೇ ನೋಡಿ.

---

ಡಬ್ಬಿಯೊಳಗೆ:

ತಡವಾಗಿ ಬಂದೆ, ಆದರೂ ಒಂದು ತಕರಾರು. ಡೇಟಾ ಫೋಲ್ಡರ್‌ಗೆ ಹಿಂಬಾಗಿಲಿನಿಂದ ಫೈಲ್ ಸುರಿದು ದಿನಾ ರಾತ್ರಿ ಸ್ಕ್ಯಾನ್ ಮಾಡುವುದನ್ನೇ ಪದ್ಧತಿ ಮಾಡಿಕೊಳ್ಳಬೇಡಿ. ಹಾಗೆ ಬದಲಿಸಿದ ಫೈಲ್‌ಗೆ ಹಳೆ ವರ್ಶನ್ ಉಳಿಯಲ್ಲ, ಅಳಿಸಿದ್ದು ಟ್ರ್ಯಾಶ್‌ಗೆ ಹೋಗಲ್ಲ. ಹೊರಗಿನಿಂದ ಬರುತ್ತಲೇ ಇರುವ ದಾಖಲೆಗಳಾದರೆ ಅವನ್ನು ಬೇರೆ ಫೋಲ್ಡರ್‌ನಲ್ಲಿಟ್ಟು ಎಕ್ಸ್‌ಟರ್ನಲ್ ಸ್ಟೋರೇಜ್ ಆಗಿ ಜೋಡಿಸಿ. ಮೊದಲು ‘ಒಸಿಸಿ ಆ್ಯಪ್:ಎನೇಬಲ್ ಫೈಲ್ಸ್_ಎಕ್ಸ್‌ಟರ್ನಲ್’, ಆಮೇಲೆ:

ಒಸಿಸಿ ಫೈಲ್ಸ್_ಎಕ್ಸ್‌ಟರ್ನಲ್:ಕ್ರಿಯೇಟ್ /ಸ್ಕ್ಯಾನ್‌ಗಳು ಲೋಕಲ್ ನಲ್::ನಲ್ -ಸಿ ಡೇಟಾಡಿರ್=/ಎಸ್‌ಆರ್‌ವಿ/ಸ್ಕ್ಯಾನ್‌ಗಳು

ಇದು ಒಂದು ಐಡಿ ಕೊಡುತ್ತೆ. ಸುಮ್ಮನೆ ಬಿಟ್ಟರೆ ಎಲ್ಲ ಯೂಸರ್‌ಗಳಿಗೂ ಕಾಣುತ್ತೆ, ಆದ್ದರಿಂದ ತಕ್ಷಣ ‘ಫೈಲ್ಸ್_ಎಕ್ಸ್‌ಟರ್ನಲ್:ಅಪ್ಲಿಕೇಬಲ್ ಐಡಿ --ಆ್ಯಡ್-ಯೂಸರ್=ಕಚೇರಿ’ ಮಾಡಿ. ‘ಫೈಲ್ಸ್_ಎಕ್ಸ್‌ಟರ್ನಲ್:ಆಪ್ಷನ್’ ಕಮಾಂಡ್‌ನಲ್ಲಿ ಫೈಲ್‌ಸಿಸ್ಟಂ_ಚೆಕ್_ಚೇಂಜಸ್ 1 ಇಟ್ಟರೆ ಯೂಸರ್ ಆ ಫೋಲ್ಡರ್ ತೆರೆದಾಗ ಹೊಸ ಫೈಲ್ ತಾನೇ ಕಾಣುತ್ತೆ. ಮ್ಯಾಕ್ ಹೆಸರುಗಳಿಗೆಂದೇ ಎನ್‌ಕೋಡಿಂಗ್_ಕಂಪ್ಯಾಟಿಬಿಲಿಟಿ ಎಂಬ ಆಯ್ಕೆಯೂ ಇಲ್ಲಿದೆ, ಆದರೆ ನಿಧಾನ. ಹೆಸರನ್ನೇ ಸರಿಮಾಡುವುದು ವಾಸಿ.

ಡಾಕರ್‌ನಲ್ಲಿ ಓಡಿಸುವವರು ಇದನ್ನು ಓದುತ್ತಿದ್ದರೆ: ‘ಡಾಕರ್ ಎಕ್ಸೆಕ್ -ಯು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಕಂಟೇನರ್‌ಹೆಸರು ಪಿಎಚ್‌ಪಿ ಒಸಿಸಿ …’. ಕ್ರಾನ್‌ನಲ್ಲಿ -ಐಟಿ ಹಾಕಬೇಡಿ, ಟಿಟಿವೈ ಇಲ್ಲ ಅಂತ ನಿಲ್ಲುತ್ತೆ. ಆಲ್ಪೈನ್ ಇಮೇಜ್ ಆದರೆ ಆ ಯೂಸರ್‌ನ ಐಡಿ 33 ಅಲ್ಲ, 82. ಹೋಸ್ಟ್‌ನಿಂದ ಚೌನ್ ಮಾಡುವಾಗ ಹೆಸರು ಬಿಟ್ಟು ಆ ನಂಬರನ್ನೇ ಕೊಡಿ.